ತೆರಿಗೆಗೆ ಮುಂಚೆ ಮನೆಮಂದಿಯ ಲೆಕ್ಕ

ಹಾಸನದಲ್ಲಿ ನನ್ನ ಅಪ್ಪ, ಅಮ್ಮ ಇಬ್ಬರೂ ಶಾಲಾ ಶಿಕ್ಷಕರಾಗಿದ್ದರು. ವರ್ಷಕ್ಕೊಮ್ಮೆ ಸಂಬಳ, ಹಿಡಿದ ತೆರಿಗೆಯ ವಿವರವಿರುವ ಎರಡು ಫಾರಂ 16 ಮನೆಗೆ ಬರುತ್ತಿದ್ದವು. ಅಪ್ಪನದು ಒಂದು ಲೆಕ್ಕ, ಅಮ್ಮನದು ಇನ್ನೊಂದು. ಅವರಿಬ್ಬರೂ ಗಂಡ ಹೆಂಡತಿ ಎಂಬುದಾಗಲಿ, ಒಂದೇ ಒಲೆಯ ಅಡುಗೆ ಉಣ್ಣುತ್ತಾರೆ ಎಂಬುದಾಗಲಿ ಆದಾಯ ತೆರಿಗೆ ಇಲಾಖೆಗೆ ಬೇಕಿರಲಿಲ್ಲ. ದುಡಿದವರು ತಮ್ಮ ಸಂಬಳಕ್ಕೆ ತಾವು ಕಟ್ಟಬೇಕು, ಅಷ್ಟೇ.

ಈ ತಿಳಿವಳಿಕೆಯನ್ನು ಹೊತ್ತುಕೊಂಡೇ ನಾನು 2003ರಲ್ಲಿ ಅಮೆರಿಕಕ್ಕೆ ಬಂದೆ. ಇಲ್ಲಿನ ಆದಾಯ ತೆರಿಗೆ ರಿಟರ್ನ್ ಆದ ಫಾರಂ 1040ರಲ್ಲಿ ಸಂಬಳದ ಸಾಲು ಬರುವ ಮೊದಲೇ ಬೇರೆ ಪ್ರಶ್ನೆಗಳು ಎದುರಾಗುತ್ತವೆ: ಮದುವೆಯಾಗಿದೆಯೇ, ಜೊತೆಯಾಗಿ ಸಲ್ಲಿಸುತ್ತೀರೋ ಬೇರೆ ಬೇರೆಯಾಗಿಯೋ, ನಿಮ್ಮನ್ನು ನಂಬಿದವರು ಯಾರು ಯಾರು? 1948ರಿಂದ ಇಲ್ಲಿ ಗಂಡ ಹೆಂಡತಿ ಒಟ್ಟಿಗೆ ಲೆಕ್ಕ ಕೊಟ್ಟರೆ ಸ್ಲ್ಯಾಬ್‌ಗಳೇ ಬೇರೆ. ಹಣದ ಲೆಕ್ಕಕ್ಕೆ ಮುಂಚೆ ಮನೆಮಂದಿಯ ಲೆಕ್ಕ ಆಗಬೇಕು ಎಂಬುದು ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು, ಅದೂ ಮದುವೆಯಾದ ಮೇಲೆ.

ಈಗ ನನ್ನ ಕ್ರಮ ಹೀಗಿದೆ. ಒಂದು ಬಿಳಿ ಹಾಳೆಯಲ್ಲಿ ಡಿಸೆಂಬರ್ 31ಕ್ಕೆ ಮನೆಯಲ್ಲಿ ಯಾರಿದ್ದರು, ಅವರ ವಯಸ್ಸೆಷ್ಟು, ವರ್ಷದಲ್ಲಿ ಎಷ್ಟು ರಾತ್ರಿ ಆ ಸೂರಿನಡಿ ಮಲಗಿದರು, ಅವರ ಬಳಿ ಇಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇದೆಯೋ, ಅದು ಸಿಗದವರಿಗೆ ತೆರಿಗೆಗೆಂದೇ ಕೊಡುವ ಐಟಿನ್ ಸಂಖ್ಯೆ ಇದೆಯೋ ಎಂದು ಬರೆಯುತ್ತೇನೆ. ಆಮೇಲೆ ಇಲ್ಲಿನ ಫಾರಂ 16 ಎನ್ನಬಹುದಾದ ಡಬ್ಲ್ಯೂ-2 ಕೈಗೆತ್ತಿಕೊಳ್ಳುತ್ತೇನೆ. ಸಾಫ್ಟ್‌ವೇರ್‌ನ ಸರದಿ ಕೊನೆಗೆ. ಸಾಫ್ಟ್‌ವೇರ್ ಕೂಡುವುದರಲ್ಲಿ ತಪ್ಪುವುದಿಲ್ಲ, ಆದರೆ ಮನೆಯ ಸಂಗತಿ ತಪ್ಪಾಗಿ ಹೇಳಿದರೆ ಆ ತಪ್ಪನ್ನೇ ಪೈಸೆ ಬಿಡದೆ ಲೆಕ್ಕ ಹಾಕಿ ಕೊಡುತ್ತದೆ.

ಉದಾಹರಣೆಗೆ 90,000 ಡಾಲರ್ ಸಂಬಳ ಇಟ್ಟುಕೊಳ್ಳೋಣ. ದರಗಳು 2024ನೇ ವರ್ಷದವು. ರಾಜ್ಯದ ತೆರಿಗೆಯನ್ನು ಬಿಟ್ಟಿದ್ದೇನೆ. ಒಂಟಿಯಾಗಿರುವವನಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಹಾಕುವ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ, 14,600. ಉಳಿಯುವುದು 75,400. ಅದರಲ್ಲಿ ಮೊದಲ 11,600ಕ್ಕೆ ಶೇ 10, ಅಲ್ಲಿಂದ 47,150ರವರೆಗೆ ಶೇ 12, ಮಿಕ್ಕ 28,250ಕ್ಕೆ ಶೇ 22. ಕೂಡಿದರೆ 11,641 ಡಾಲರ್. ಅದೇ ಮನುಷ್ಯ ಮದುವೆಯಾಗಿ, ಹೆಂಡತಿಗೆ ಸಂಪಾದನೆ ಇಲ್ಲದೆ, ಇಬ್ಬರೂ ಒಟ್ಟಿಗೆ ಸಲ್ಲಿಸಿದರೆ ಡಿಡಕ್ಷನ್ 29,200 ಆಗುತ್ತದೆ. ಶೇ 10ರ ಸ್ಲ್ಯಾಬ್ 23,200ರವರೆಗೂ ಶೇ 12ರದು 94,300ರವರೆಗೂ ಹಿಗ್ಗುತ್ತದೆ. ಉಳಿಯುವ 60,800ಕ್ಕೆ ತೆರಿಗೆ 6,832. ಅದೇ ಕೆಲಸ, ಅದೇ ಸಂಬಳ. ವ್ಯತ್ಯಾಸ 4,809 ಡಾಲರ್.

ಕೈಲೆಕ್ಕದ ಹುರುಪು ಹೊಸದಾಗಿದ್ದಾಗ ಇಂಥದೇ ಒಂದು ಮೊತ್ತ ನನ್ನ ಒಂದು ರಾತ್ರಿಯನ್ನು ನುಂಗಿತ್ತು. ನನ್ನ ಹಾಳೆಯ ಮೊತ್ತಕ್ಕೂ ಪುಸ್ತಕದ ತೆರಿಗೆ ಕೋಷ್ಟಕದ ಮೊತ್ತಕ್ಕೂ ಮೂರು ಡಾಲರ್ ವ್ಯತ್ಯಾಸ ಬರುತ್ತಿತ್ತು. 2024ರ ದರದಲ್ಲಿ ಹೇಳುವುದಾದರೆ ನನಗೆ 6,832, ಕೋಷ್ಟಕದಲ್ಲಿ 6,835. ಗುಣಾಕಾರ ತಪ್ಪಿತೇ ಎಂದು ನಾಲ್ಕು ಸಲ ಮಾಡಿ ನೋಡಿದೆ. ಬೆಳಗಿನ ಜಾವ ಗುಟ್ಟು ಬಯಲಾಯಿತು. ತೆರಿಗೆಗೆ ಒಳಪಡುವ ಆದಾಯ ಒಂದು ಲಕ್ಷ ಡಾಲರಿಗಿಂತ ಕಡಿಮೆಯಿದ್ದರೆ ಕೋಷ್ಟಕವನ್ನೇ ಬಳಸಬೇಕು. ಅದರ ಸಾಲುಗಳು 50 ಡಾಲರಿಗೊಂದು. 60,800ರಿಂದ 60,850ರವರೆಗಿನ ಸಾಲಿನಲ್ಲಿ ಬರುವ ಎಲ್ಲರಿಗೂ ನಡುಮಧ್ಯದ 60,825ಕ್ಕೆ ಲೆಕ್ಕ ಹಾಕಿಟ್ಟಿರುತ್ತಾರೆ. ಹೆಚ್ಚುವರಿ 25 ಡಾಲರಿಗೆ ಶೇ 12 ಎಂದರೆ ಮೂರು. ನಾನು ಸಾಲಿನ ತಳದಲ್ಲಿದ್ದುದಕ್ಕೆ ಮೂರು ಡಾಲರ್ ದಂಡ! ಸಾಲಿನ ಮೇಲ್ತುದಿಯಲ್ಲಿರುವವನಿಗೆ ಅಷ್ಟೇ ಲಾಭ.

ಮದುವೆಯ ವರ್ಷಕ್ಕೆ ಬರುತ್ತೇನೆ. 2006ರ ಡಿಸೆಂಬರ್‌ನಲ್ಲಿ ಹಾಸನದಲ್ಲಿ ಮದುವೆಯಾಗಿ, ಹದಿನೈದು ದಿನದಲ್ಲಿ ನಾನೊಬ್ಬನೇ ಹಿಂದಿರುಗಿದೆ. ಹೆಂಡತಿ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು, ಬೇಸಿಗೆಗೆ ಬರುವುದೆಂದು ಮಾತಾಗಿತ್ತು. ಕಚೇರಿಯ ಗೆಳೆಯನೊಬ್ಬ, “ಹೆಂಡತಿ ಇಲ್ಲಿ ಇಲ್ಲವಲ್ಲ, ಸಿಂಗಲ್ ಎಂದು ಹಾಕಿಬಿಡು” ಎಂದ. ಬಹಳ ಜನ ಹಾಗೆ ಮಾಡುತ್ತಾರೆ, ಅದು ತಪ್ಪು. ಡಿಸೆಂಬರ್ 31ರ ಹೊತ್ತಿಗೆ ಮದುವೆಯಾಗಿದ್ದರೆ ಇಡೀ ವರ್ಷಕ್ಕೆ ಮದುವೆಯಾದಂತೆಯೇ. ಹೆಂಡತಿ ಎಲ್ಲಿದ್ದಾಳೆ ಎಂಬುದು ಆ ಪ್ರಶ್ನೆಗೆ ಸಂಬಂಧಿಸಿದ್ದಲ್ಲ.

ನನಗಿದ್ದ ದಾರಿ ಎರಡು. ವಿವಾಹಿತ, ಆದರೆ ಬೇರೆಯಾಗಿ ಸಲ್ಲಿಸುವವನು ಎಂದು ಹೇಳಿಕೊಂಡರೆ ನನ್ನ ಸಂಬಳಕ್ಕೆ ಬೀಳುವ ತೆರಿಗೆ ಒಂಟಿಯವನದಷ್ಟೇ. ಇಲ್ಲವೇ ಅನಿವಾಸಿಯಾದ ಹೆಂಡತಿಯನ್ನು ತೆರಿಗೆಯ ಮಟ್ಟಿಗೆ ಇಲ್ಲಿನ ನಿವಾಸಿ ಎಂದು ಪರಿಗಣಿಸಿ ಎಂದು ಇಬ್ಬರೂ ಸಹಿ ಮಾಡಿ ಕೇಳಿಕೊಂಡು ಜಂಟಿಯಾಗಿ ಸಲ್ಲಿಸಬಹುದು. ಇದಕ್ಕೆ ಬೆಲೆಯೂ ಇದೆ. ಮೈಸೂರಿನಲ್ಲಿ ಅವಳು ಆ ವರ್ಷವಿಡೀ ದುಡಿದದ್ದನ್ನು ಅಮೆರಿಕದ ಫಾರಂನಲ್ಲಿ ತೋರಿಸಬೇಕು. ಫೋನಿನಲ್ಲಿ ಹೇಳಿದಾಗ ಅವಳು ನಗಲಿಲ್ಲ. “ನಾನು ಇನ್ನೂ ವಿಮಾನವನ್ನೇ ಹತ್ತಿಲ್ಲ, ನನ್ನ ಸಂಬಳ ಆಗಲೇ ಅಲ್ಲಿಗೆ ಹೋಯಿತೇ?” ಎಂದಳು.

ಲೆಕ್ಕ ಹಾಕಿ ತೋರಿಸಿದೆ. ಮೇಲಿನ 2024ರ ಉದಾಹರಣೆಯಲ್ಲೇ ಹೇಳುವುದಾದರೆ, ಅವಳ ಸಂಬಳ 7,000 ಡಾಲರಿಗೆ ಸಮ ಎಂದುಕೊಂಡರೆ, ಶೇ 12ರಂತೆ ಹೆಚ್ಚುವ ತೆರಿಗೆ 840. ಜಂಟಿಯಾಗಿ ಸಲ್ಲಿಸಿದ್ದರಿಂದ ಉಳಿಯುವುದು 4,809. ಕಳೆದರೆ 3,969 ಡಾಲರ್ ನಮ್ಮದೇ. ಭಾರತದಲ್ಲಿ ಅವಳು ತೆರಿಗೆ ಕಟ್ಟಿದ್ದರೆ ಅದಕ್ಕೂ ಫಾರಂ 1116ರಲ್ಲಿ ಕ್ರೆಡಿಟ್ ಕೇಳಬಹುದು. ಭಾರತದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಇಲ್ಲಿಯದು ಜನವರಿಯಿಂದ ಡಿಸೆಂಬರ್‌ವರೆಗೆ. ಆದ್ದರಿಂದ ಫಾರಂ 16ರ ಮೊತ್ತವನ್ನು ಹಾಗೇ ಎತ್ತಿಡುವಂತಿಲ್ಲ, ತಿಂಗಳ ಸಂಬಳದ ಚೀಟಿಗಳನ್ನು ಹರಡಿಕೊಂಡು ಕೂಡಬೇಕು.

ಅವಳಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಲಿಲ್ಲ. ಹಾಗಾಗಿ ಫಾರಂ ಡಬ್ಲ್ಯೂ-7 ತುಂಬಿ, ಐಟಿನ್ ಬೇಡಿ, ರಿಟರ್ನ್‌ನ ಜೊತೆಗೇ ಅಂಚೆಯಲ್ಲಿ ಕಳಿಸಿದೆ. ಈಗ ಆ ಕಡತಗಳು ಟೆಕ್ಸಾಸ್‌ನ ಆಸ್ಟಿನ್‌ಗೆ ಹೋಗುತ್ತವೆ. ಮೂಲ ಪಾಸ್‌ಪೋರ್ಟ್ ಅಥವಾ ಅದನ್ನು ಕೊಟ್ಟವರೇ ದೃಢೀಕರಿಸಿದ ಪ್ರತಿ ಜೊತೆಗಿರಬೇಕು. ಪಾಸ್‌ಪೋರ್ಟನ್ನು ಅಂಚೆಗೆ ಹಾಕಲು ಭಯಪಡುವವರಿಗೆ ಅದನ್ನು ನೋಡಿ ದೃಢೀಕರಿಸುವ ಅಧಿಕಾರ ಪಡೆದ ಏಜೆಂಟರೂ ಇದ್ದಾರೆ. ಇಷ್ಟೆಲ್ಲ ಜೋಪಾನ ಮಾಡಿದ ನಾನು ಹೆಂಡತಿಯನ್ನು ನಿವಾಸಿ ಎಂದು ಪರಿಗಣಿಸಿ ಎಂಬ ಆ ಹೇಳಿಕೆಯ ಕಾಗದಕ್ಕೆ ನನ್ನೊಬ್ಬನ ಸಹಿ ಹಾಕಿ ಕಳಿಸಿದ್ದೆ! ಅದು ತಿರುಗಿ ಬರುವ ಹೊತ್ತಿಗೆ ಅವಳೇ ಬಂದಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಒರಳುಕಲ್ಲಿನ ಪಕ್ಕದಲ್ಲಿಟ್ಟು ಸಹಿ ಮಾಡಿದಳು.

ಮಕ್ಕಳ ವಿಷಯದಲ್ಲಿ ಡಿಡಕ್ಷನ್ ಬೇರೆ, ಕ್ರೆಡಿಟ್ ಬೇರೆ ಎಂಬುದು ಮನಸ್ಸಿಗೆ ಹತ್ತಬೇಕು. ಡಿಡಕ್ಷನ್ ಆದಾಯವನ್ನು ಇಳಿಸುತ್ತದೆ. ಶೇ 12ರ ಸ್ಲ್ಯಾಬ್‌ನಲ್ಲಿರುವವನಿಗೆ ಸಾವಿರ ಡಾಲರ್ ಡಿಡಕ್ಷನ್ ಸಿಕ್ಕರೆ ಉಳಿಯುವುದು 120. ಕ್ರೆಡಿಟ್ ನೇರವಾಗಿ ತೆರಿಗೆಯಿಂದಲೇ ಕಳೆಯುತ್ತದೆ. 2024ರಲ್ಲಿ 17 ತುಂಬದ ಮಗುವಿಗೆ 2,000 ಡಾಲರ್. ಮೇಲಿನ 6,832 ಒಂದು ಮಗುವಿದ್ದರೆ 4,832, ಇಬ್ಬರಿದ್ದರೆ 2,832. ಆದರೆ ಮಗುವಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಬೇಕು. ನಮ್ಮವರ ಎಷ್ಟೋ ಮನೆಗಳಲ್ಲಿ ದೊಡ್ಡವನು ಬೆಂಗಳೂರಿನಲ್ಲಿ ಹುಟ್ಟಿ ಉದ್ಯೋಗಿಯ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದಿರುತ್ತಾನೆ, ಚಿಕ್ಕವಳು ಇಲ್ಲೇ ಹುಟ್ಟಿರುತ್ತಾಳೆ. 2024ರ ಲೆಕ್ಕದಲ್ಲಿ ಅವಳಿಗೆ 2,000, ಐಟಿನ್ ಇರುವ ಅವನಿಗೆ 500. ಇಬ್ಬರಿಗೂ ಹೊಟ್ಟೆ ಒಂದೇ, ಶಾಲೆಯ ಖರ್ಚು ಒಂದೇ. ನನಗೆ ಇದು ನ್ಯಾಯವೆನಿಸುವುದಿಲ್ಲ, ಆದರೆ ಫಾರಂ ನನ್ನ ಅಭಿಪ್ರಾಯ ಕೇಳುವುದಿಲ್ಲ.

ಕನ್ನಡ ಕೂಟದ ಊಟದ ಸಾಲಿನಲ್ಲಿ ನನಗೆ ಅತಿ ಹೆಚ್ಚು ಸಲ ಎದುರಾಗುವ ಪ್ರಶ್ನೆ ತಂದೆ ತಾಯಿಯದು. “ಊರಿಗೆ ಪ್ರತಿ ತಿಂಗಳೂ ದುಡ್ಡು ಕಳಿಸುತ್ತೇನೆ, ಅಮ್ಮನನ್ನು ಅವಲಂಬಿತರೆಂದು ತೋರಿಸಬಹುದೇ?” ತೋರಿಸುವಂತಿಲ್ಲ. ಅವಲಂಬಿತರು ಅಮೆರಿಕದ ಪ್ರಜೆಯೋ ತೆರಿಗೆ ನಿವಾಸಿಯೋ ಆಗಿರಬೇಕು. ಕೆನಡಾ, ಮೆಕ್ಸಿಕೊದಲ್ಲಿ ವಾಸಿಸುವವರಿಗೆ ಮಾತ್ರ ವಿನಾಯಿತಿ. ಹಾಸನ ಆ ಪಟ್ಟಿಯಲ್ಲಿ ಇಲ್ಲ. ಸಾಲದ್ದಕ್ಕೆ 2024ರಲ್ಲಿ ಅವರ ವರ್ಷದ ಆದಾಯ 5,050 ಡಾಲರಿಗಿಂತ ಕಡಿಮೆ ಇರಬೇಕಿತ್ತು. ನನ್ನಮ್ಮನ ಪಿಂಚಣಿಯೇ ಅದನ್ನು ದಾಟುತ್ತದೆ.

ಅಮ್ಮನ ವಿಷಯದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಇದರ ತಿರುಗುಮುರುಗು. ಅವರು 2023ರಲ್ಲಿ 150 ದಿನ, 2024ರಲ್ಲಿ 175 ದಿನ ನಮ್ಮಲ್ಲಿದ್ದರು. ನಿವಾಸಿಯೇ ಎಂದು ತೀರ್ಮಾನಿಸಲು ಈ ವರ್ಷದ ದಿನಗಳಿಗೆ ಹಿಂದಿನ ವರ್ಷದ ಮೂರನೇ ಒಂದು, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಕೂಡಬೇಕು. 183 ಮುಟ್ಟಿದರೆ ನಿವಾಸಿ. 175ಕ್ಕೆ 50 ಸೇರಿ 225. ಮೊಮ್ಮಗಳಿಗೆ ಕೋಡುಬಳೆ ಮಾಡಿಕೊಡಲು ಬಂದ ನನ್ನಮ್ಮ ಹಾಸನದ ಪಿಂಚಣಿಯನ್ನು ಅಮೆರಿಕಕ್ಕೆ ತೋರಿಸಬೇಕಾದ ಸ್ಥಿತಿ! ಆ ವರ್ಷ ಇಲ್ಲಿದ್ದದ್ದು 183 ದಿನಕ್ಕಿಂತ ಕಡಿಮೆಯಿದ್ದು, ಮನೆ, ಬ್ಯಾಂಕು, ಬಂಧುಬಳಗ ಎಲ್ಲ ಊರಿನಲ್ಲೇ ಇದ್ದರೆ ಫಾರಂ 8840 ಸಲ್ಲಿಸಿ ಇದರಿಂದ ಪಾರಾಗಬಹುದು. ಸಲ್ಲಿಸಿದೆವು. ಸಹಿ ಹಾಕುತ್ತಾ ಅಮ್ಮ, “ನಾನು ಹಾಸನದವಳೇ ಎಂದು ಬರೆದುಕೊಡಬೇಕೇನೋ? ಕೊಡು, ನೂರು ಕಡೆ ಬರೆಯುತ್ತೇನೆ” ಎಂದರು.

ಎಫ್-1 ವೀಸಾದ ವಿದ್ಯಾರ್ಥಿಗಳದು ಬೇರೆಯೇ ಲೋಕ. ಮೊದಲ ಐದು ಕ್ಯಾಲೆಂಡರ್ ವರ್ಷ ಅವರು ಸಾಮಾನ್ಯವಾಗಿ ಅನಿವಾಸಿಗಳು, ಫಾರಂ 1040-ಎನ್ಆರ್. ಅನಿವಾಸಿಗಳಿಗೆ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಎರಡು ದೇಶಗಳ ಒಪ್ಪಂದದ 21ನೇ ವಿಧಿಯಿಂದ ಸಿಗುತ್ತದೆ. ಅನಿವಾಸಿ ಭಾರತೀಯರು ಊರಿನ ಬ್ಯಾಂಕಿನಲ್ಲಿಡುವ ಎನ್‌ಆರ್‌ಇ ಠೇವಣಿಯ ಬಡ್ಡಿಯ ಬಗ್ಗೆಯೂ ಒಂದು ಮಾತು: ಭಾರತದಲ್ಲಿ ಅದಕ್ಕೆ ತೆರಿಗೆ ಇಲ್ಲ, ಇಲ್ಲಿನ ನಿವಾಸಿಗೆ ಇದೆ. ಊರಿನ ಖಾತೆಗಳೆಲ್ಲ ಸೇರಿ ವರ್ಷದ ಯಾವ ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಬೇರೆ ಸಲ್ಲಿಸಬೇಕು.

ಕೆಲವು ವರ್ಷಗಳಿಂದ ಫೆಬ್ರುವರಿ, ಮಾರ್ಚ್‌ನ ಶನಿವಾರಗಳಲ್ಲಿ ನಾರ್ತ್ ಕೆರೊಲಿನಾದ ನಮ್ಮೂರ ಗ್ರಂಥಾಲಯದಲ್ಲಿ ಕೂರುತ್ತೇನೆ. ಕಡಿಮೆ ಆದಾಯದವರಿಗೆ ಉಚಿತವಾಗಿ ರಿಟರ್ನ್ ತುಂಬಿಕೊಡುವ ವೀಟಾ ಎಂಬ ಯೋಜನೆ ಇದೆ. ಪರೀಕ್ಷೆ ಪಾಸು ಮಾಡಿದ ಸ್ವಯಂಸೇವಕರು ತುಂಬುತ್ತಾರೆ, ಇನ್ನೊಬ್ಬರು ಪರಿಶೀಲಿಸುತ್ತಾರೆ. ಅಲ್ಲಿಗೆ ಬಂದ ಒಬ್ಬ ಹೆಣ್ಣುಮಗಳು ನನ್ನ ಹೆಸರಿನ ಚೀಟಿ ನೋಡಿ, “ಅಣ್ಣಾ, ನೀವು ಕನ್ನಡದವರೇ?” ಎಂದಳು. ವಿಚ್ಛೇದನವಾಗಿದೆ, ಏಳು ವರ್ಷದ ಮಗನಿದ್ದಾನೆ, ಶಿಶುವಿಹಾರವೊಂದರಲ್ಲಿ ಕೆಲಸ. 2024ರ ಸಂಬಳ 38,000. ಹಿಂದಿನ ವರ್ಷದ ರಿಟರ್ನ್ ತೆರೆದು ನೋಡಿದರೆ ಸಿಂಗಲ್ ಎಂದು ಗುರುತು ಹಾಕಿದೆ, ಮಗನ ಹೆಸರೇ ಇಲ್ಲ.

ಯಾಕೆ ಎಂದೆ. “ಬೆಸ ವರ್ಷಗಳಲ್ಲಿ ಮಗುವನ್ನು ಅವರಪ್ಪ ತೋರಿಸಿಕೊಳ್ಳಬಹುದು ಎಂದು ಒಪ್ಪಂದವಾಗಿದೆ ಅಣ್ಣ. ಫಾರಂಗೆ ಸಹಿ ಮಾಡಿಕೊಟ್ಟೆ. ಆ ವರ್ಷ ಮಗು ನನ್ನದಲ್ಲ ಎಂದುಕೊಂಡೆ.”

ಅವಳ ಫೋನಿನಲ್ಲಿದ್ದ ಶಾಲೆಯ ಕ್ಯಾಲೆಂಡರ್ ತೆರೆಸಿದೆ. ವಾರ ಬಿಟ್ಟು ವಾರ ಶುಕ್ರವಾರ, ಶನಿವಾರದ ರಾತ್ರಿ ಅಪ್ಪನ ಮನೆ, ಬೇಸಿಗೆಯಲ್ಲಿ ಐದು ವಾರ, ಕ್ರಿಸ್‌ಮಸ್ ರಜೆಯಲ್ಲಿ ಒಂದು ವಾರ. ಎಲ್ಲ ಕೂಡಿದರೂ ನೂರು ರಾತ್ರಿ ಆಗಲಿಲ್ಲ. ಮಿಕ್ಕ ರಾತ್ರಿಗಳೆಲ್ಲ ಇವಳ ಮನೆಯಲ್ಲಿ. ಅವಳು ಸಹಿ ಮಾಡಿದ ಫಾರಂ 8332ರಿಂದ ಅಪ್ಪನಿಗೆ ಹೋಗುವುದು ಮಗುವಿನ ಕ್ರೆಡಿಟ್ ಮಾತ್ರ. ಮಗು ಹೆಚ್ಚು ರಾತ್ರಿ ಮಲಗಿದ ಮನೆಯನ್ನು ನಡೆಸುವವಳಿಗೆ ಸಲ್ಲುವ ಹೆಡ್ ಆಫ್ ಹೌಸ್‌ಹೋಲ್ಡ್ ದರ್ಜೆಯಾಗಲಿ, ದುಡಿಯುವ ಬಡವರಿಗಿರುವ ಇಐಟಿಸಿ ಕ್ರೆಡಿಟ್ ಆಗಲಿ ಹೋಗುವುದಿಲ್ಲ. ಅವೆರಡನ್ನೂ ಅವಳು ಕೈಯಾರೆ ಬಿಟ್ಟುಕೊಟ್ಟಿದ್ದಳು.

2023ರ ಅವಳ ಸಂಬಳ 36,000. ಸಿಂಗಲ್ ಎಂದು ಬಿದ್ದ ತೆರಿಗೆ ಸುಮಾರು 2,440. ಹೆಡ್ ಆಫ್ ಹೌಸ್‌ಹೋಲ್ಡ್ ಎಂದಿದ್ದರೆ ಡಿಡಕ್ಷನ್ 13,850ರ ಬದಲು 20,800, ತೆರಿಗೆ ಸುಮಾರು 1,520. ಮೇಲೆ ಇಐಟಿಸಿ ಸುಮಾರು 1,690. ಒಟ್ಟು 2,600 ಡಾಲರ್ ಆಸುಪಾಸು. ತಿದ್ದಲು ಮೂರು ವರ್ಷ ಕಾಲಾವಕಾಶವಿದೆ, ಫಾರಂ 1040-ಎಕ್ಸ್. 2024 ಸಮ ವರ್ಷ, ಮಗು ಪೂರ್ತಿ ಅವಳ ಲೆಕ್ಕಕ್ಕೆ. ಸುಮಾರು 1,610ರ ತೆರಿಗೆಯನ್ನು ಮಗುವಿನ 2,000 ಅಳಿಸಿಹಾಕಿತು, ಮಿಕ್ಕದ್ದೂ ಇಐಟಿಸಿಯೂ ಸಂಬಳದಲ್ಲಿ ಹಿಡಿದಿಟ್ಟ ಹಣದ ಜೊತೆಗೆ ರೀಫಂಡ್ ಆಗಿ ಬರುವಂತಾಯಿತು. ನನ್ನ ಹಾಳೆಯಲ್ಲಿದ್ದ ಮೊತ್ತವನ್ನು ಅವಳು ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ, “ಹಾಗಾದರೆ ನಾನು ಸಿಂಗಲ್ ಅಲ್ಲ, ಮನೆಯ ಯಜಮಾನಿ” ಎಂದಳು. ಆ ದರ್ಜೆಗೆ ಇಷ್ಟು ಒಳ್ಳೆಯ ಕನ್ನಡ ನನಗೆ ಹೊಳೆದಿರಲಿಲ್ಲ.

ನಮ್ಮ ಮನೆಯ ಹಾಳೆ 2025ನೇ ವರ್ಷಕ್ಕೆ ಬದಲಾಗಿದೆ. ಮಗಳು ಹುಟ್ಟಿದ್ದು 2008ರ ಡಿಸೆಂಬರ್ 29ರಂದು. ಆ ವರ್ಷದಲ್ಲಿ ಮೂರೇ ದಿನ ಕಂಡ ಕೂಸನ್ನು ಇಡೀ ವರ್ಷ ನಮ್ಮೊಂದಿಗೆ ಇದ್ದಂತೆ ಎಣಿಸಿ ಆಗಿನ ಸಾವಿರ ಡಾಲರ್ ಕ್ರೆಡಿಟ್ ಕೊಟ್ಟಿದ್ದರು. ಆಸ್ಪತ್ರೆಯಲ್ಲೇ ಅದನ್ನು ಹೆಂಡತಿಗೆ ಹೇಳಿ ಬೈಸಿಕೊಂಡಿದ್ದೆ. 2025ಕ್ಕೆ ಆ ಕ್ರೆಡಿಟ್ 2,200 ಆಗಿದೆ. ಆದರೆ ಅದೇ ವರ್ಷದ ಡಿಸೆಂಬರ್ 29ಕ್ಕೆ ಅವಳಿಗೆ 17 ವರ್ಷ. ಎರಡೇ ದಿನ ಮುಂಚೆ ತುಂಬಿದರೂ ಇಡೀ ವರ್ಷಕ್ಕೆ ತುಂಬಿದಂತೆ. ಹಾಳೆಯಲ್ಲಿ ಅವಳ ಹೆಸರಿನ ಮುಂದಿದ್ದ 2,200 ಹೊಡೆದು 500 ಎಂದು ಬರೆದಿದ್ದೇನೆ.