ಕ್ಲಿಕ್ ಇಲ್ಲದೆ, ಹಾಡುತ್ತಲೇ ನುಡಿಸಿ ಮುಗಿಸಿದ ನನ್ನ ಕಂಟ್ರಿ ಆಲ್ಬಂ

ಅಮೆರಿಕದ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನ ನಮ್ಮ ಮನೆಯ ಕೋಣೆಯಲ್ಲೇ ಕಂಟ್ರಿ ಆಲ್ಬಂ ಮಾಡುತ್ತೇನೆ, ಗಿಟಾರ್ ನುಡಿಸುತ್ತಲೇ ಹಾಡುತ್ತೇನೆ, ಕ್ಲಿಕ್ (ಲಯ ಹಿಡಿಯಲು ಕಿವಿಯಲ್ಲಿ ಬಡಿಯುತ್ತಿರುವ ಟಿಕ್‌ಟಿಕ್ ಸದ್ದು) ಹಾಕಿಕೊಳ್ಳುವುದಿಲ್ಲ ಎಂದಾಗ ಇಲ್ಲಿನ ವಾದಕ ಮಿತ್ರರು ನಕ್ಕಿದ್ದರು. ಗಿಟಾರಿನ ನಾದ ಕಂಠದ ಮೈಕಿಗೆ ಸೋರಿ ಮಿಕ್ಸಿಂಗ್ ಕೆಡುತ್ತದೆ, ಕ್ಲಿಕ್ ಇಲ್ಲದ ಹಾಡಿನ ಮೇಲೆ ಆಮೇಲೆ ಪೆಡಲ್ ಸ್ಟೀಲ್ (ತಂತಿಗಳ ಮೇಲೆ ಲೋಹದ ಬಾರ್ ಜಾರಿಸಿ, ಪೆಡಲ್ ತುಳಿದು ನುಡಿಸುವ ಗಿಟಾರ್) ಕೂರುವುದಿಲ್ಲ ಎಂಬುದು ಅವರ ಆಕ್ಷೇಪ. ಈಗ ಆಲ್ಬಂ ಹೊರಬಂದು, ಹಾಕಿದ ಹಣವೂ ಹಿಂದಿರುಗಿರುವುದರಿಂದ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಬಾಡಿಗೆ ಸ್ಟುಡಿಯೋ ಒಂದರಲ್ಲಿ ನಾಲ್ಕು ಹಾಡುಗಳಿಗೆ ಸುಮಾರು 2,500 ಡಾಲರ್ ಸುರಿದಿದ್ದೆ. ಮೊದಲು ಗಿಟಾರ್, ಅದರ ಮೇಲೆ ಕಂಠ ಎಂಬ ಕ್ರಮದಲ್ಲಿ ಎಲ್ಲವೂ ಅಚ್ಚುಕಟ್ಟಾಗಿಯೇ ಬಂತು. ಆದರೆ ಸಾಲಿನ ಕೊನೆಯ ಪದವನ್ನು ತುಸು ಎಳೆದು, ಅದರೊಡನೆ ಹೆಬ್ಬೆರಳಿನಿಂದ ನುಡಿಸುವ ಬೇಸ್ ಸ್ವರವನ್ನೂ ಕ್ಷಣ ತಡೆಯುವ ನನ್ನ ರೂಢಿಗೆ ಅಲ್ಲಿ ಜಾಗವಿರಲಿಲ್ಲ. ಮೇಲಾಗಿ ಅಲ್ಲಿನ ಇಂಜಿನಿಯರ್ ಕೇಳದೆಯೇ ಪಿಚ್ ಕರೆಕ್ಷನ್ (ಸ್ವರಗಳನ್ನು ತಿದ್ದಿ ನೆಟ್ಟಗೆ ಮಾಡುವ ತಂತ್ರಾಂಶ) ಹಾಕಿದ್ದರಿಂದ, ಬೇಕೆಂದೇ ಕೆಳಗಿನಿಂದ ಜಾರಿಸಿ ಹಿಡಿದ ಸ್ವರಗಳೆಲ್ಲ ಕೋಲಿನಂತೆ ನೆಟ್ಟಗೆ ನಿಂತಿದ್ದವು. ನಾಲ್ಕನ್ನೂ ಕೈಬಿಟ್ಟೆ.

ಮನೆಯಲ್ಲಿ ಮೊದಲು, ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ಗಳಲ್ಲಿ ಪ್ರಯತ್ನಿಸಿದಾಗ ಮಿತ್ರರ ಮಾತೇ ನಿಜವಾಯಿತು: ಕಂಠವನ್ನು ಏರಿಸಿದರೆ ಗಿಟಾರೂ ಏರುತ್ತಿತ್ತು. ಆಗ ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ರಿಬ್ಬನ್ ಮೈಕ್‌ಗಳನ್ನು ಹೆಚ್ಚುಕಡಿಮೆ 900 ಡಾಲರಿಗೆ ಕೊಂಡೆ. ಇವು ಫಿಗರ್-8 ಮೈಕ್‌ಗಳು, ಅಂದರೆ ಮುಂದಿನ ಮತ್ತು ಹಿಂದಿನ ಸದ್ದು ಹಿಡಿಯುತ್ತವೆ, ಪಕ್ಕಗಳು ಕಿವುಡು; ಕಂಠದ ಮೈಕನ್ನು ತುಸು ಮೇಲ್ಮುಖವಾಗಿಸಿ ಅದರ ಕಿವುಡು ಪಕ್ಕವನ್ನು ಗಿಟಾರಿಗೂ, ಗಿಟಾರಿನ ಮೈಕನ್ನು ಕೆಳಮುಖವಾಗಿಸಿ ಅದರ ಕಿವುಡು ಪಕ್ಕವನ್ನು ಬಾಯಿಗೂ ಹೊಂದಿಸಿದೆ. ಎರಡರ ಹಿಂಬದಿಯಲ್ಲೂ ದಪ್ಪ ಕಂಬಳಿ. ಆದರೂ ಸೋರಿಕೆ ಬಂದುಹೋಗಿ ಮಾಡುತ್ತಿತ್ತು. ಕಾರಣ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸುವಾಗ ನಾನು ಫ್ರೆಟ್‌ಗಳತ್ತ ತಲೆ ಬಾಗಿಸುತ್ತಿದ್ದುದು. ಸಾಹಿತ್ಯದ ಹಾಳೆಯನ್ನು ಎದುರಿನ ಗೋಡೆಯಲ್ಲಿ ಕಣ್ಣಿಗಿಂತ ಮೇಲೆ ಅಂಟಿಸಿದ ಮೇಲೆ ಗದ್ದ ಕೆಳಗಿಳಿಯಲಿಲ್ಲ, ಸೋರಿಕೆಯೂ ನಿಂತಿತು. ಗಿಟಾರಿನ ಮೈಕಿನ ದೂರ ಮತ್ತು ಕೋನವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ನನ್ನ ಒಂದಿಡೀ ಚಳಿಗಾಲ ವ್ಯಯವಾಗಿದೆ.

ಪೆಡಲ್ ಸ್ಟೀಲ್‌ಗೆ ಹಿರಿಯ ವಾದಕರೊಬ್ಬರನ್ನು ಒಂದು ದಿನಕ್ಕೆ ಕರೆಸಿದೆ. 400 ಡಾಲರಿನ ಆಸುಪಾಸು ಕೊಟ್ಟ ನೆನಪು. ಅವರಿಗೆ ಕೊಟ್ಟದ್ದು ನಂಬರ್ ಚಾರ್ಟ್ ಮಾತ್ರ, ಅಂದರೆ ಕಾರ್ಡ್‌ಗಳನ್ನು ಷಡ್ಜದಿಂದ ಎಣಿಸಿ 1, 4, 5 ಎಂದು ಅಂಕಿಗಳಲ್ಲಿ ಬರೆದ ಹಾಳೆ. 1950ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ಗಾಯನ ತಂಡದ ನೀಲ್ ಮ್ಯಾಥ್ಯೂಸ್ ರೂಪಿಸಿ, ಚಾರ್ಲಿ ಮೆಕಾಯ್ ಮೊದಲಾದ ವಾದಕರು ಬಳಸಿ ಬೆಳೆಸಿದ ಈ ಪದ್ಧತಿ, ಸರಿಗಮ ಕಲಿತವರಿಗೆ ಹೊಸತೇನಲ್ಲ: ಷಡ್ಜ ಎಲ್ಲಿಗೆ ಸರಿದರೂ ಹಾಳೆ ಬದಲಾಗದು. ಕ್ಲಿಕ್ ಇಲ್ಲವಲ್ಲ ಎಂದು ಅನುಮಾನಿಸುತ್ತಲೇ ಕೂತ ಅವರು, ಎರಡನೇ ಹಾಡಿನ ಹೊತ್ತಿಗೆ ಹೆಡ್‌ಫೋನಿನಲ್ಲಿ ನನ್ನ ಹೆಬ್ಬೆರಳಿನ ಬೇಸನ್ನು ಏರಿಸಿಕೊಂಡು, ನಾನು ಉಸಿರೆಳೆಯುವ ಸದ್ದಿಗೇ ಬಾರ್ ಜಾರಿಸತೊಡಗಿದರು. ಅಂಥ ಇಂಟ್ರೋ ಈ ಊರಿನ ದುಬಾರಿ ಸ್ಟುಡಿಯೋಗಳಲ್ಲೂ ಸುಲಭಕ್ಕೆ ಸಿಗದೆಂದು ನನ್ನ ಎಣಿಕೆ.

ನಡುವೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನೂ ಜಿ ಶ್ರುತಿಯ ಹಾಡೊಂದರ ಕೆಳಗೆ ಇಟ್ಟು ನೋಡಿದೆ. 1 ಮತ್ತು 4ರ ಕಾರ್ಡ್‌ಗಳಲ್ಲಿ ಸೊಗಸಾಗಿತ್ತು. 5ಕ್ಕೆ ಬಂದೊಡನೆ ಆ ಕಾರ್ಡಿನೊಳಗಿನ ಕಾಕಲಿ ನಿಷಾದಕ್ಕೆ ಷಡ್ಜ ಉಜ್ಜಿ ಕಿರಿಕಿರಿಯಾಯಿತು. ಕೊನೆಗೆ ಬರೀ 1 ಮತ್ತು 4ರಲ್ಲೇ ಮುಗಿಯುವ ಹಾಡೊಂದನ್ನು ಬರೆದು, ಅದರಲ್ಲಿ ಕೇಳಿಯೂ ಕೇಳದಷ್ಟು ಮೆಲ್ಲಗೆ ಉಳಿಸಿಕೊಂಡೆ. ಕೆಳ ಸ್ವರದ ನಾಲ್ಕು ತಂತಿಗಳನ್ನು ಒಂದು ಸ್ಥಾಯಿ ಮೇಲಕ್ಕೆ ಕಟ್ಟುವ ನ್ಯಾಶ್‌ವಿಲ್ ಟ್ಯೂನಿಂಗ್‌ನ ಎರಡನೇ ಗಿಟಾರ್ ಸಹ ಒಂದೇ ಹಾಡಿನಲ್ಲಿ ಉಳಿಯಿತು. ಕ್ಲಿಕ್ ಇಲ್ಲದೆ ನನ್ನನ್ನೇ ನಾನು ಹಿಂಬಾಲಿಸುವುದು ಸ್ಟೀಲ್ ವಾದಕರು ಹಿಂಬಾಲಿಸಿದ್ದಕ್ಕಿಂತ ಕಷ್ಟವಾಯಿತು.

ಮೈಕ್, ಸ್ಟೀಲ್, ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಧ್ವನಿಗೆ ಕೊಡುವ ಕೊನೆಯ ಹದ), 300 ಸಿಡಿ ಎಲ್ಲ ಸೇರಿ 2,700 ಡಾಲರ್ ಮುಟ್ಟಿರಬಹುದು. ಸ್ಟ್ರೀಮಿಂಗ್‌ನಿಂದ ಬಂದದ್ದು ಕಾಫಿ ಖರ್ಚಿಗೂ ಸಾಲದು. 2024ರಿಂದ ಸ್ಪಾಟಿಫೈಯಲ್ಲಿ ವರ್ಷಕ್ಕೆ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ, ನನ್ನ ಅರ್ಧ ಹಾಡುಗಳು ಆ ಗೆರೆಯ ಕೆಳಗಿವೆ. ಕಲಾವಿದರೇ ಹಾಡು ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15 ಹಿಡಿದುಕೊಂಡರೂ ಅಲ್ಲಿ ಸ್ವಲ್ಪ ಕಾಸು ಕಂಡೆ. ನಿಜವಾದ ಸಂಪಾದನೆ ಮನೆಗಳ ಹಾಲ್‌ನಲ್ಲಿ ನಡೆಯುವ ಹೌಸ್ ಕಾನ್ಸರ್ಟ್‌ಗಳಲ್ಲಿ: ಇಪ್ಪತ್ತು ಮೂವತ್ತು ಮಂದಿ, ತಲೆಗೆ 20 ಡಾಲರ್ ಕಾಣಿಕೆ, ಹೊರಡುವಾಗ 15 ಡಾಲರಿನ ಸಿಡಿ. ಸಿಡಿಗಳ ಮರುಮುದ್ರಣಕ್ಕೆ ಹಣ ಹಾಕುವುದಿಲ್ಲ. ಆ ಹಣದಲ್ಲಿ ಸ್ಟೀಲ್ ವಾದಕರನ್ನು ಮುಂದಿನ ಆಲ್ಬಂಗೆ ಎರಡು ದಿನ ಕರೆಸುತ್ತೇನೆ.