ಲೇಬಲ್ ಇಲ್ಲದ ನಮ್ಮ ಪಾಪ್ ಬ್ಯಾಂಡ್: ಹಾಡುಗಳನ್ನು ಉಳಿಸಿಕೊಂಡ ಬಗೆ

ನಮ್ಮ ಬ್ಯಾಂಡ್ ಬಹಳ ಕಾಲ ಬಾಳಲಿಲ್ಲ. ಹಾಡುಗಳನ್ನು ಹೊರತರುವ ಯಾವ ಕಂಪನಿ, ಅಂದರೆ ಲೇಬಲ್, ಜೊತೆಗೂ ಒಪ್ಪಂದ ಆಗಲಿಲ್ಲ, ಅದಕ್ಕಾಗಿ ನಾವು ಓಡಾಡಲೂ ಇಲ್ಲ. ಆದರೆ ಆಗ ಮಾಡಿದ ಹಾಡುಗಳು ಈಗಲೂ ಕೇಳಲು ಸಿಗುತ್ತವೆ. ಬರುವ ದುಡ್ಡು ಸಣ್ಣದು, ಆದರೂ ನಾಲ್ಕೂ ಜನಕ್ಕೆ ಸರಿಯಾಗಿ ಹಂಚಿಕೆಯಾಗುತ್ತದೆ. ನಾವು ಈಗಲೂ ಒಬ್ಬರಿಗೊಬ್ಬರು ಫೋನ್ ಮಾಡುತ್ತೇವೆ. ಹೊಸದಾಗಿ ಬ್ಯಾಂಡ್ ಕಟ್ಟುವವರು ಇದು ಹೇಗಾಯಿತು ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ, ರೆಕಾರ್ಡಿಂಗ್ ಕೆಲಸವೂ ನನ್ನದೇ. ಉಳಿದಂತೆ ಗಿಟಾರಿಗ, ಡ್ರಮ್ಮರ್, ಹಾಡುವವಳು. ಸಾಹಿತ್ಯ ಹೆಚ್ಚಾಗಿ ಅವಳದು. ಹಾಡು ಕಟ್ಟುವಾಗ ನಮಗಿದ್ದದ್ದು ಒಂದೇ ಪರೀಕ್ಷೆ: ಒಂದು ಗಿಟಾರ್, ಒಂದು ದನಿ. ಅಷ್ಟರಲ್ಲೇ ಪಲ್ಲವಿ ಕೇಳುವವರ ಬಾಯಲ್ಲಿ ನಿಲ್ಲಬೇಕು. ನಿಲ್ಲದ ಹಾಡಿಗೆ ಡ್ರಮ್ಸ್, ಸಿಂಥ್, ಹಾರ್ಮನಿ ಏನೇ ಸೇರಿಸಿದರೂ ಸುಮ್ನೆ ಭಾರ ಜಾಸ್ತಿಯಾಗುತ್ತದೆ. ಶ್ರುತಿಯನ್ನು ಗಿಟಾರಿನ ಅನುಕೂಲಕ್ಕೆ ಇಟ್ಟುಕೊಳ್ಳಲಿಲ್ಲ, ಅವಳ ದನಿಗೆ ತಕ್ಕಂತೆ ಇಟ್ಟುಕೊಂಡೆವು. ಗಿಟಾರಿಗ ಕೇಪೋ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿಕೊಂಡು ಹೊಂದಿಸಿಕೊಳ್ಳುತ್ತಿದ್ದ. ರಿಹರ್ಸಲ್ ಪೂರ್ತಿ ಫೋನಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಮರುದಿನ ತಣ್ಣಗೆ ಕೂತು ಕೇಳಿದರೆ ಯಾವ ಚರಣ ಎಳೆಯುತ್ತಿದೆ, ಎಲ್ಲಿ ಬೋರ್ ಆಗುತ್ತದೆ ಅಂತ ತಾನಾಗಿ ಗೊತ್ತಾಗುತ್ತಿತ್ತು. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ ಮೇಲೆ ಒಂದು ಸ್ಟ್ರೀಮ್, ಅಂದರೆ ಒಂದು ಸಲ ಕೇಳಿದ್ದು, ಲೆಕ್ಕಕ್ಕೆ ಬರುತ್ತದೆ. ಅದಕ್ಕಾಗಿ ಶುರುವಿನ ಸಂಗೀತವನ್ನೇ ಕತ್ತರಿಸಿ ಅಂತ ಎಷ್ಟೋ ಜನ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೇಳಿದವರಿಗೆ ಬೇಸರ ಬರುವ ಕಡೆ ಕತ್ತರಿಸಬೇಕು. ಅದು ಶುರುವಿನಲ್ಲೇ ಇರಬೇಕು ಅಂತೇನಿಲ್ಲ.

ರೆಕಾರ್ಡಿಂಗ್ ಬಗ್ಗೆ ಹೇಳಬೇಕಾದ್ದು ಜಾಸ್ತಿ ಇದೆ. ಸ್ಟುಡಿಯೋ ಬಾಡಿಗೆಯನ್ನು ಡ್ರಮ್ಸ್‌ಗೆ ಮಾತ್ರ ಕೊಟ್ಟೆವು, ಉಳಿದದ್ದೆಲ್ಲ ಮನೆಯಲ್ಲಿ. ಡ್ರಮ್ಸ್‌ಗೆ ದೊಡ್ಡ ಕೋಣೆ ಬೇಕು, ಜೊತೆಗೆ ಮೈಕ್‌ಗಳೂ ಬೇಕು. ಡ್ರಮ್ಸ್ ಮೇಲ್ಗಡೆ ಎರಡು ಮೈಕ್ ಇಟ್ಟಾಗ, ಸ್ನೇರ್ ಅನ್ನುವ ಚಿಕ್ಕ ಡ್ರಮ್‌ನಿಂದ ಎರಡಕ್ಕೂ ಸಮ ದೂರ ಇದೆಯಾ ಅಂತ ದಾರ ಹಿಡಿದು ಅಳೆದೆವು. ದೂರ ಏರುಪೇರಾದರೆ ಒಂದೇ ಪೆಟ್ಟು ಎರಡು ಮೈಕ್‌ಗೆ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಎರಡನ್ನೂ ಕೂಡಿಸಿದಾಗ ಸದ್ದಿನ ಕೆಲವು ಭಾಗ ಒಂದನ್ನೊಂದು ಅಳಿಸಿಹಾಕುತ್ತದೆ, ಸ್ನೇರ್ ಸಪ್ಪೆಯಾಗುತ್ತದೆ. ಅದನ್ನು ಆಮೇಲೆ ಮಿಕ್ಸ್‌ನಲ್ಲಿ, ಅಂದರೆ ಎಲ್ಲ ಟ್ರ್ಯಾಕ್ ಕೂಡಿಸಿ ಹೊಂದಿಸುವಾಗ, ಸರಿಮಾಡುವುದು ತುಂಬ ಕಷ್ಟ.

ಬೇಸನ್ನು ನೇರವಾಗಿ ಇಂಟರ್‌ಫೇಸ್‌ಗೆ, ಅಂದರೆ ಸದ್ದನ್ನು ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಗೆ, ಚುಚ್ಚಿದೆ. ಗಿಟಾರ್ ಆಂಪ್ ಮುಂದೆ ಶೂರ್ ಎಸ್‌ಎಂ57 ಇಟ್ಟೆವು. ಈ ಮೈಕ್ 1965ರಿಂದ ಮಾರುಕಟ್ಟೆಯಲ್ಲಿದೆ, ಈಗಲೂ ಗಿಟಾರ್ ಆಂಪ್‌ಗೆ ನಾನು ಮೊದಲು ಹುಡುಕುವುದು ಇದನ್ನೇ. ಸ್ಪೀಕರ್ ಕೋನಿನ ನಡುವೆ ತೋರಿಸಿದರೆ ಸದ್ದು ಚೂಪು, ಅಂಚಿನ ಕಡೆ ಸರಿಸಿದರೆ ಮೃದು. ಬೆರಳಗಲ ಸರಿಸಿದರೂ ವ್ಯತ್ಯಾಸ ಕೇಳಿಸುತ್ತದೆ. ಹಾಗಾಗಿ ಸದ್ದಿನ ಚೂಪು, ಮೃದು ಹೊಂದಿಸುವ ಈಕ್ಯೂ ಮುಟ್ಟುವ ಮೊದಲು ಮೈಕನ್ನೇ ಸರಿಸಿ ನೋಡಿ. ಹಾಡುವುದಕ್ಕೆ ಬಟ್ಟೆ ತುಂಬಿದ ಕೋಣೆ ಆರಿಸಿಕೊಂಡೆವು, ಗೋಡೆಯಿಂದ ಸದ್ದು ವಾಪಸ್ ಬರಬಾರದಲ್ವಾ? ರೆಕಾರ್ಡ್ ಮಾಡುವಾಗ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು, 128 ಸ್ಯಾಂಪಲ್‌ಗೆ ಇಳಿಸುತ್ತಿದ್ದೆ. ಇಲ್ಲದಿದ್ದರೆ ಹಾಡುವವರ ಕಿವಿಗೆ ಅವರದೇ ದನಿ ತಡವಾಗಿ ಬೀಳುತ್ತದೆ, ತಾಳ ತಪ್ಪುತ್ತದೆ. ಮಿಕ್ಸ್ ಮಾಡುವಾಗ ಬಫರನ್ನು ಮತ್ತೆ ಏರಿಸಿದರೆ ಕಂಪ್ಯೂಟರಿಗೆ ಉಸಿರಾಡಲು ಜಾಗ ಸಿಗುತ್ತದೆ.

ಹಾಡುವವಳಿಗೆ ಒಂದೊಂದು ಸಾಲಿಗೂ ನಿಲ್ಲಿಸಿ ನಿಲ್ಲಿಸಿ ಹಾಡುವುದು ಇಷ್ಟವಿರಲಿಲ್ಲ. "ಪೂರ್ತಿ ಹಾಡಲು ಬಿಡು ಕಣೋ, ಆಮೇಲೆ ನೀನೇ ಆರಿಸಿಕೋ" ಅಂತಿದ್ದಳು. ಅವಳು ಹೇಳಿದ್ದೇ ಸರಿ. ಮೊದಲಿನಿಂದ ಕೊನೆವರೆಗೆ ಕೆಲವು ಸಲ ಹಾಡಿಸಿ, ಚೆನ್ನಾಗಿ ಬಂದ ಸಾಲುಗಳನ್ನು ಆರಿಸಿ ಜೋಡಿಸಿದೆ. ಭಾವ ಕಡಿಯಲಿಲ್ಲ.

ಮಿಕ್ಸ್ ನಾನೇ ಮಾಡಿದೆ, ಕಡಿಮೆ ವಾಲ್ಯೂಮ್‌ನಲ್ಲಿ. ಜೋರಾಗಿ ಕೇಳಿದರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ, ಮಾತ್ರ ಹೊರಗಿನವರಿಗೆ ದುಡ್ಡು ಕೊಟ್ಟು ಮಾಡಿಸಿದೆವು. ಅದೇ ಹಾಡನ್ನು ತಿಂಗಳುಗಟ್ಟಲೆ ಕೇಳಿದ ಕಿವಿಗೆ ಕೊರತೆ ಗೊತ್ತಾಗುವುದಿಲ್ಲ. ಮೆಲ್ಲ, ಜೋರು ಸದ್ದಿನ ಅಂತರ ಹಿಂಡಿ ಹಿಂಡಿ ಎಲ್ಲವನ್ನೂ ಜೋರು ಮಾಡಬೇಡಿ ಅಂತಲೂ ಅವರಿಗೆ ಹೇಳಿದೆವು. ಸ್ಪಾಟಿಫೈ ಹಾಡುಗಳ ಸದ್ದನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ) ಮಟ್ಟಕ್ಕೆ ಹೊಂದಿಸಿ ಕೇಳಿಸುತ್ತದೆ. ಹಿಂಡಿದ ಹಾಡನ್ನು ಅಲ್ಲಿ ಇಳಿಸುತ್ತಾರೆ ಅಷ್ಟೆ. ಹೋದ ಜೀವ ವಾಪಸ್ ಬರುವುದಿಲ್ಲ.

ಈಗ ಕಾಗದದ ವಿಷಯ. ನಮ್ಮನ್ನು ಕಾಪಾಡಿದ್ದು ಇದೇ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಸಾಹಿತ್ಯ ಮತ್ತು ರಾಗ ಒಂದು. ಅದನ್ನು ನುಡಿಸಿ ಮಾಡಿದ ರೆಕಾರ್ಡಿಂಗ್, ಅಂದರೆ ಮಾಸ್ಟರ್, ಇನ್ನೊಂದು. ಬೇರೆಯವರು ನಮ್ಮ ಹಾಡನ್ನು ತಾವೇ ಹಾಡಿ ರೆಕಾರ್ಡ್ ಮಾಡಿದರೆ ಮೊದಲನೆಯದರ ಒಡೆಯರಿಗೆ ಮಾತ್ರ ಪಾಲು. ಸಿನಿಮಾದವರೋ ಜಾಹೀರಾತಿನವರೋ ನಮ್ಮ ರೆಕಾರ್ಡಿಂಗನ್ನೇ ಬಳಸಬೇಕಾದರೆ ಎರಡಕ್ಕೂ ಒಪ್ಪಿಗೆ ಬೇಕು. ದುಡ್ಡು ಬರುವ ದಾರಿಗಳೂ ಬೇರೆ. ಮಾಸ್ಟರ್ ದುಡ್ಡು ವಿತರಕರ, ಅಂದರೆ ಹಾಡನ್ನು ಸ್ಪಾಟಿಫೈನಂಥ ಆ್ಯಪ್‌ಗಳಿಗೆ ತಲುಪಿಸುವವರ, ಮೂಲಕ ಬರುತ್ತದೆ. ಸಾಹಿತ್ಯ, ರಾಗದ ದುಡ್ಡು ಹಕ್ಕುಗಳನ್ನು ನೋಡಿಕೊಳ್ಳುವ ಸಂಘಗಳ ಮೂಲಕ ಬರುತ್ತದೆ. ಅಲ್ಲಿ ಹೆಸರು ನೋಂದಾಯಿಸದಿದ್ದರೆ ಆ ಪಾಲು ಕೈಗೆ ಬರುವುದೇ ಇಲ್ಲ.

ನಾವು ಮಾಸ್ಟರನ್ನು ನಾಲ್ಕು ಸಮಪಾಲು ಮಾಡಿದೆವು. ಬರವಣಿಗೆಯ ಪಾಲನ್ನು ಹಾಡು ಹಾಡಿಗೂ ಬೇರೆ ಬರೆದೆವು. ಗಿಟಾರ್ ರಿಫ್, ಅಂದರೆ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಸಾಲು, ರಾಗದ ಲೆಕ್ಕಕ್ಕೆ ಬರುತ್ತದಾ ಅಂತ ಚರ್ಚೆ ಎದ್ದಿತು. ಆ ರಿಫ್ ತೆಗೆದರೆ ಹಾಡಿನ ಗುರುತು ಹೋಗುತ್ತದೆ ಅನ್ನುವುದಾದರೆ ಪಾಲು, ಇಲ್ಲದಿದ್ದರೆ ಇಲ್ಲ ಅಂತ ತೀರ್ಮಾನಿಸಿದೆವು. ಇಂಥ ಮಾತು ಡೆಮೊ (ಹಾಡಿನ ಮೊದಲ ಕಚ್ಚಾ ರೆಕಾರ್ಡಿಂಗ್) ಮುಗಿದ ದಿನವೇ ಆಗಬೇಕು. ಆಗ ಹಾಡಿಗೆ ಒಂದು ಪೈಸೆಯ ಬೆಲೆಯೂ ಬಂದಿರುವುದಿಲ್ಲ, ಎಲ್ಲರ ಮನಸ್ಸೂ ತಿಳಿಯಾಗಿರುತ್ತದೆ. ಹಾಡಿನ ಹೆಸರು, ಯಾರಿಗೆ ಎಷ್ಟು, ತಾರೀಕು, ನಾಲ್ಕು ಸಹಿ. ಒಂದು ಹಾಳೆ ಸಾಕು. ಮಾಸ್ಟರಿಂಗ್ ಮಾಡಿದವರಿಂದಲೂ, ಸಂಭಾವನೆ ಪೂರ್ತಿ ಸಂದಿದೆ, ಹಕ್ಕಿನಲ್ಲಿ ಪಾಲಿಲ್ಲ ಅಂತ ಬರೆಸಿಕೊಂಡೆವು. ಬ್ಯಾಂಡಿನ ಹೆಸರು ಯಾರದು, ಒಬ್ಬರು ಬಿಟ್ಟರೆ ಉಳಿದವರು ಅದನ್ನು ಬಳಸಬಹುದಾ ಅನ್ನುವುದನ್ನೂ ಆಗಲೇ ಬರೆದಿಟ್ಟೆವು.

ಬಿಡುಗಡೆ ದೊಡ್ಡ ಕೆಲಸವೇನಲ್ಲ, ತಾಳ್ಮೆ ಬೇಕು. ಹಾಡನ್ನು ವಿತರಕರಿಗೆ ವಾರಗಳ ಮುಂಚೆಯೇ ಕೊಟ್ಟುಬಿಡಿ. ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟ್‌ಗೆ ಕೇಳಿಕೊಳ್ಳಲು ಆಗುವುದು ಬಿಡುಗಡೆಗೆ ಮುಂಚೆ ಮಾತ್ರ. ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಕಳಿಸಿದರೆ ನಮ್ಮನ್ನು ಫಾಲೋ ಮಾಡುವವರ ರಿಲೀಸ್ ರೇಡಾರ್ ಅನ್ನುವ ಹೊಸ ಹಾಡುಗಳ ಪಟ್ಟಿಯಲ್ಲಿ ಆ ಹಾಡು ಬರುತ್ತದೆ. ಹಾಡಿಗೊಂದು ಐಎಸ್‌ಆರ್‌ಸಿ ಸಂಖ್ಯೆ ಸಿಗುತ್ತದೆ, 12 ಅಕ್ಷರ ಅಂಕಿಗಳದ್ದು. ಅದು ಆ ರೆಕಾರ್ಡಿಂಗಿನ ಗುರುತು. ಅದನ್ನು ಜೋಪಾನವಾಗಿ ಬರೆದಿಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಇಲ್ಲದ ಹಾಡಿಗೆ ಮಾಸ್ಟರ್ ರಾಯಲ್ಟಿಯೇ ಇಲ್ಲ. ಚಿಕ್ಕ ಬ್ಯಾಂಡುಗಳಿಗೆ ಇದು ಅನ್ಯಾಯ ಅಂತ ನನ್ನ ಅನಿಸಿಕೆ. ನಮ್ಮ ಕೈಗೆ ನಿಜವಾಗಿ ದುಡ್ಡು ಬಂದದ್ದು ನೇರ ಮಾರಾಟದಿಂದ. ಕೇಳುಗರಿಗೆ ನೇರವಾಗಿ ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ. 15 ಇಟ್ಟುಕೊಳ್ಳುತ್ತದೆ. ಜೊತೆಗೆ ಹಣ ಪಾವತಿಯ ಖರ್ಚು ಹೋಗುತ್ತದೆ. ಉಳಿದದ್ದು ನಮ್ಮದು. ಗಿಗ್ ಮುಗಿದ ಮೇಲೆ ಟೀ ಶರ್ಟ್ ಮಾರುವ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು ಇಮೇಲ್ ಬರೆಸಿಕೊಳ್ಳುತ್ತಿದ್ದೆವು. ಹೊಸ ಹಾಡು ಬಂದಾಗ ಮೊದಲು ಕೊಳ್ಳುತ್ತಿದ್ದವರು ಆ ನೋಟ್‌ಬುಕ್‌ನಲ್ಲಿದ್ದವರೇ.

ವೇದಿಕೆ ಬಗ್ಗೆ ಒಂದೆರಡು ಮಾತು. ಸೌಂಡ್ ಚೆಕ್‌ಗೆ ಸಿಗುವ ಸಮಯ ಯಾವಾಗಲೂ ಕಡಿಮೆ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕ್ ಬೇಕು ಅಂತ ಚಿತ್ರ ಬರೆದು ಸೌಂಡ್ ಎಂಜಿನಿಯರ್‌ಗೆ ಮುಂಚೆಯೇ ಕಳಿಸುತ್ತಿದ್ದೆವು. ಹಾಡುವವರು ಬಳಸುವ ಎಸ್‌ಎಂ58ರಂಥ ಮೈಕ್ ಹಿಂಬದಿಯ ಸದ್ದನ್ನು ತೀರಾ ಕಡಿಮೆ ಹಿಡಿಯುತ್ತದೆ. ಹಾಗಾಗಿ ಮಾನಿಟರನ್ನು, ಅಂದರೆ ವೇದಿಕೆಯಲ್ಲಿರುವವರಿಗೆ ತಮ್ಮ ಸದ್ದು ಕೇಳಿಸುವ ಸ್ಪೀಕರನ್ನು, ಮೈಕಿನ ನೇರ ಹಿಂದೆ ಇಟ್ಟರೆ ಸ್ಪೀಕರ್‌ನಿಂದ ಕೀರಲು ಕೂಗು ಏಳುವುದು ಕಡಿಮೆ.

ಆಮೇಲೆ ಡ್ರಮ್ಮರ್ ಕೆಲಸದ ಮೇಲೆ ದೂರ ಹೋದ. ಹಾಡುವವಳಿಗೆ ತನ್ನದೇ ಹಾದಿ ಹಿಡಿಯುವ ಆಸೆ ಬಂತು. ಬೇರೆ ಡ್ರಮ್ಮರ್ ಹುಡುಕಿ ಎಳೆದಾಡುವುದು ನಮಗೆ ಬೇಡವಾಯಿತು. ಕೊನೆಯ ಶೋ ಅಂತ ಹೇಳಿಯೇ ಕೊನೆಯ ಶೋ ಮಾಡಿದೆವು.

ಅದಾದ ಮೇಲೆ ಕುಳಿತು ಮಾಡಿದ ಕೆಲಸಕ್ಕೆ ನನ್ನ ಲೆಕ್ಕದಲ್ಲಿ ಗಿಗ್‌ಗಳಷ್ಟೇ ತೂಕವಿದೆ. ಪ್ರತಿ ವಾದ್ಯದ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದ ಬೇರೆ ಬೇರೆ ವೇವ್ ಫೈಲ್ ಮಾಡಿದೆ. ಫೈಲಿನ ಹೆಸರಿನಲ್ಲೇ ಲಯದ ವೇಗ ಬರೆದೆ. ಹೀಗಿದ್ದರೆ ಸಾಫ್ಟ್‌ವೇರ್ ಬದಲಾದರೂ ತೊಂದರೆಯಿಲ್ಲ. ನಾಲ್ವರಿಗೂ ಒಂದೊಂದು ಹಾರ್ಡ್ ಡಿಸ್ಕ್ ಕೊಟ್ಟೆ. ಇಂಟರ್ನೆಟ್‌ನಲ್ಲಿ ಇದೆಯಲ್ಲ ಅಂತ ಕೂರಬೇಡಿ. 2003ರಿಂದ 2015ರವರೆಗೆ ಜನ ಮೈಸ್ಪೇಸ್ ಅನ್ನುವ ತಾಣಕ್ಕೆ ಹಾಕಿದ್ದ ಸಂಗೀತ ಸರ್ವರ್ ಬದಲಿಸುವಾಗ ಕಳೆದುಹೋದದ್ದು 2019ರಲ್ಲಿ ಸುದ್ದಿಯಾಯಿತು. ಎಷ್ಟು ಸ್ವತಂತ್ರ ಬ್ಯಾಂಡುಗಳ ಒಂದೇ ಪ್ರತಿ ಅಲ್ಲಿತ್ತೋ, ನೆನೆದರೆ ಸಂಕಟವಾಗುತ್ತದೆ.

ವಿತರಕರ ವಿಷಯವೂ ಇತ್ತು. ವರ್ಷಕ್ಕಿಷ್ಟು ಅಂತ ಶುಲ್ಕ ತೆಗೆದುಕೊಳ್ಳುವವರಲ್ಲಿ ಎಷ್ಟೋ ಕಡೆ, ಕಟ್ಟುವುದು ನಿಲ್ಲಿಸಿದರೆ ಹಾಡು ಕೆಳಗಿಳಿಯುತ್ತದೆ. ಇಲ್ಲದ ಬ್ಯಾಂಡಿಗೆ ವರ್ಷ ವರ್ಷ ಯಾರು ಕಟ್ಟುತ್ತಾರೆ? ಒಂದೇ ಸಲ ಕಟ್ಟಿ ಮುಗಿಸುವ ವಿತರಕರ ಕಡೆಗೆ ಹಾಡುಗಳನ್ನು ಸಾಗಿಸಿದೆವು. ಹಳೆಯ ಐಎಸ್‌ಆರ್‌ಸಿ ಸಂಖ್ಯೆ, ಅದೇ ಆಡಿಯೋ, ಅದೇ ಹೆಸರುಗಳನ್ನು ಕೊಟ್ಟದ್ದರಿಂದ ಸ್ಟ್ರೀಮ್ ಲೆಕ್ಕ ಹಾಗೇ ಉಳಿಯಿತು. ಹೊಸ ಕಡೆ ಹಾಡು ಕಾಣಿಸಿಕೊಂಡ ಮೇಲೆಯೇ ಹಳೆಯದನ್ನು ತೆಗೆಸಿದೆವು.

ಹಾಡುವವಳು ಈಗ ಬೇರೆಯವರ ಜೊತೆ ಹಾಡುತ್ತಾಳೆ. ನಮ್ಮ ಒಂದು ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಲಾ ಅಂತ ಮೊನ್ನೆ ಗುಂಪಿನಲ್ಲಿ ಕೇಳಿದಳು. ಆ ಹಾಡಿನ ಪಾಲು ಬರೆದ ಹಾಳೆಯ ಫೋಟೋ ಹಾಕಿದೆ: ಸಾಹಿತ್ಯ ಅವಳದು, ರಾಗ ಅವಳದು ಮತ್ತು ಗಿಟಾರಿಗನದು. ಗಿಟಾರಿಗ ಅಲ್ಲೇ "ಮಾಡು ಕಣೇ, ಶ್ರುತಿ ಒಂದು ಮನೆ ಇಳಿಸು" ಅಂತ ಬರೆದ. ಹೊಸ ರೆಕಾರ್ಡಿಂಗಿಗೆ ಹೊಸ ಐಎಸ್‌ಆರ್‌ಸಿ ಬೇಕು ಅಂತ ನಾನು ನೆನಪಿಸಿದೆ. ಡ್ರಮ್ಮರ್ ತನ್ನ ಡಿಸ್ಕ್‌ನಿಂದ ಹಳೆಯ ಡ್ರಮ್ಸ್ ಟ್ರ್ಯಾಕ್ ಅವಳಿಗೆ ಕಳಿಸಿದ್ದಾನೆ.