ಮೀಸೆಯಿಲ್ಲದ ಪುಲಕೇಶಿ

ಬಾಗಲಕೋಟೆಯ ಒಂದು ಪ್ರೌಢಶಾಲೆಯ ಸಭಾಭವನಕ್ಕೆ ಇಮ್ಮಡಿ ಪುಲಕೇಶಿಯ ಆಳೆತ್ತರದ ಚಿತ್ರ ಬರೆದುಕೊಡಲು ಒಪ್ಪಿಕೊಂಡೆ. ಮಾದರಿಗೆಂದು ಮುಖ್ಯೋಪಾಧ್ಯಾಯರು ಒಂದು ಕ್ಯಾಲೆಂಡರ್ ಹಾಳೆ ಕೊಟ್ಟರು. ಕೆಂಪು ಮಖಮಲ್ಲಿನ ಅಂಗಿ, ಎದೆಗೆ ಲೋಹದ ಕವಚ, ಮೊಳದೆತ್ತರದ ಕಿರೀಟ, ಹುರಿ ಮಾಡಿ ಕಿವಿಗೆ ತಾಗಿಸಿದ ಮೀಸೆ, ಕಾಲಿಗೆ ತುದಿ ಮಡಿಸಿದ ಚಡಾವು. ನಕಲು ಮಾಡಿ ದುಡ್ಡು ಎಣಿಸಿಕೊಳ್ಳಬಹುದಿತ್ತು. ಆದರೆ ಆ ರಾಜ ಆಳಿದ ಬಾದಾಮಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕ್ಯಾಲೆಂಡರ್ ನೋಡಿ ಬರೆಯಲು ಮನಸ್ಸು ಒಪ್ಪಲಿಲ್ಲ.

ಈ ವೇಷದ ಮೂಲ ಹುಡುಕಲು ದೂರ ಹೋಗಬೇಕಿಲ್ಲ. ಕಂಪನಿ ನಾಟಕದವರಿಗೆ ಕೊನೆಯ ಸಾಲಿನವನಿಗೂ ‘ಇವನೇ ರಾಜ’ ಎಂದು ತಿಳಿಯುವ ಉಡುಪು ಬೇಕಿತ್ತು. ಮಖಮಲ್ಲು, ಜರಿ, ಕನ್ನಡಿ ಚೂರು ಆ ಕೆಲಸ ಮಾಡಿದವು. ಪುರಾಣದ ದುಷ್ಯಂತನಿಗೂ ಅದೇ ಅಂಗಿ, ಚರಿತ್ರೆಯ ಪಾಳೆಯಗಾರನಿಗೂ ಅದೇ. 1967ರಲ್ಲಿ ರಾಜಕುಮಾರ್ ಪುಲಕೇಶಿಯಾಗಿ ತೆರೆಗೆ ಬಂದ ಮೇಲೆ ಮುಖವೂ ಗಟ್ಟಿಯಾಯಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ಆ ಮುಖಕ್ಕೆ ನಾನೂ ಶಿಳ್ಳೆ ಹೊಡೆದವನೇ. ಶಾಲೆಯ ಗೋಡೆಯ ಮೇಲೆ ಮಕ್ಕಳಿಗೆ ಇತಿಹಾಸವೆಂದು ತೋರಿಸುವಾಗ ಮಾತು ಬೇರೆ.

ಮೊದಲು ಬರಹದ ಆಧಾರ ನೋಡಿದೆ. ಐಹೊಳೆಯ ಮೇಗುತಿ ಬಸದಿಯಲ್ಲಿರುವ ರವಿಕೀರ್ತಿಯ ಶಾಸನ ಕ್ರಿ.ಶ. 634ರದು, ಅಂದರೆ ಪುಲಕೇಶಿ ಬದುಕಿದ್ದಾಗಲೇ ಬರೆದದ್ದು. ಹರ್ಷನ ಆನೆಗಳು ಉರುಳಿದ್ದು, ಪಲ್ಲವ ದೊರೆ ಕಾಂಚಿಯ ಕೋಟೆಯೊಳಗೆ ಅಡಗಿದ್ದು ಎಲ್ಲ ಅಲ್ಲಿದೆ; ರಾಜನ ಮೂಗು ಹೇಗಿತ್ತು ಎಂಬುದು ಮಾತ್ರ ಇಲ್ಲ. 641ರ ಸುಮಾರಿಗೆ ಈ ನಾಡಿಗೆ ಬಂದ ಹ್ಯೂಯೆನ್‌ತ್ಸಾಂಗ್ ಇನ್ನಷ್ಟು ಹೇಳುತ್ತಾನೆ. ಇಲ್ಲಿನ ಜನ ಎತ್ತರದ ಆಳುಗಳು, ಉಪಕಾರವನ್ನು ಮರೆಯದವರು, ಅವಮಾನವನ್ನಂತೂ ಮರೆಯದವರು. ಕಾಳಗಕ್ಕೆ ಮುನ್ನ ವೀರರು ತಾವೂ ಕುಡಿದು ಆನೆಗಳಿಗೂ ಮದ್ಯ ಕುಡಿಸುತ್ತಿದ್ದರು. ಸೋತು ಬಂದ ಸೇನಾಪತಿಗೆ ಶಿಕ್ಷೆಯ ಬದಲು ಹೆಣ್ಣುಡುಗೆ ಕೊಡುತ್ತಿದ್ದರು. ನನ್ನ ಕೆಲಸಕ್ಕೆ ಇದರಲ್ಲಿ ಸಿಕ್ಕಿದ್ದು ‘ಎತ್ತರ’ ಎಂಬುದೊಂದೇ. ಮೈಕಟ್ಟಿಗೆ ಗರಡಿ ಮನೆಯ ಒಬ್ಬ ಪೈಲವಾನರನ್ನು ನಿಲ್ಲಿಸಿಕೊಂಡೆ.

ಉಳಿದದ್ದು ಕಲ್ಲು. ಬಾದಾಮಿಯ ಮೂರನೆಯ ಗುಹೆಯಲ್ಲಿ ಪುಲಕೇಶಿಯ ಚಿಕ್ಕಪ್ಪ ಮಂಗಳೇಶನ ಶಾಸನವಿದೆ, ಕಾಲ 578. ಪುಲಕೇಶಿ ಪಟ್ಟಕ್ಕೆ ಬಂದದ್ದು 610ರ ಸುಮಾರಿಗೆ. ಹೀಗಾಗಿ ಅಲ್ಲಿನ ಶಿಲ್ಪಿ ಕಂಡು ಕೆತ್ತಿದ ಉಡುಗೆ ಪುಲಕೇಶಿಯ ತಂದೆಯ ಕಾಲದ್ದು; ಅದಕ್ಕಿಂತ ಹತ್ತಿರದ ಸಾಕ್ಷಿಯನ್ನು ನಾನು ಕಂಡಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಎಷ್ಟೇ ಚೆಂದವಿರಲಿ, ಪುಲಕೇಶಿ ಸತ್ತು ನೂರು ವರ್ಷದ ಮೇಲೆ ಕಟ್ಟಿದ್ದು. ಅದನ್ನು ಪಕ್ಕಕ್ಕಿಟ್ಟೆ. ಗುಹೆಯಲ್ಲೂ ವಿಷ್ಣು, ವರಾಹ, ನರಸಿಂಹರನ್ನು ಬಿಟ್ಟೆ. ದೇವರ ಕಿರೀಟ ತೆಗೆದು ಮನುಷ್ಯನ ತಲೆಗಿಟ್ಟದ್ದರಿಂದಲೇ ಅರ್ಧ ಗೊಂದಲವಾಗಿದೆ.

ಕುತ್ತಿಗೆ ನೋಯುವವರೆಗೆ ನೋಡಿದ್ದು ಕಂಬಗಳ ತಲೆಯ ಮೇಲಿನ ಮದನಕೈ ಶಿಲ್ಪಗಳನ್ನು. ಮರದ ಕೆಳಗೆ ಗಂಡು ಹೆಣ್ಣು ಜೋಡಿಯಾಗಿ ನಿಂತಿದ್ದಾರೆ. ಗಂಡಿನ ಮೈಮೇಲೆ ಅಂಗಿಯಿಲ್ಲ, ಕೊರಳಿಗೆ ಹಾರ, ತೋಳಿಗೆ ಬಂದಿ. ಸೊಂಟದ ಬಟ್ಟೆ ಎಷ್ಟು ತೆಳುವೆಂದರೆ ತೊಡೆಯ ಮೇಲೆ ಅದರ ಅಂಚಿನ ಗೆರೆ ಕಂಡ ಮೇಲೆಯೇ ಬಟ್ಟೆಯಿದೆ ಎಂದು ತಿಳಿಯುವುದು. ಕುಂಡಲದ ಭಾರಕ್ಕೆ ಕಿವಿಯ ಹಾಲೆ ಜೋತುಬಿದ್ದಿದೆ. ಕೂದಲು ಸುರುಳಿ ಸುರುಳಿ. ಬರಿಗಾಲು. ಮೀಸೆ ಹುಡುಕಿದರೆ ಅಪರೂಪ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೆಳಕು ಓರೆಯಾದಾಗ ಕೂತು ಗೀಚಿಕೊಂಡೆ. ನೆತ್ತಿಯ ಬಿಸಿಲಿನಲ್ಲಿ ಈ ಅಂಚಿನ ಗೆರೆಗಳು ಕಣ್ಣಿಗೆ ಬೀಳುವುದಿಲ್ಲ.

ಅದೇ ಗುಹೆಯ ಕಪೋತದ, ಅಂದರೆ ಮುಂದಕ್ಕೆ ಚಾಚಿದ ಕಲ್ಲಿನ ಸೂರಿನ, ಒಳಬದಿಯಲ್ಲಿ ಮಾಸಿಹೋದ ವರ್ಣಚಿತ್ರವಿದೆ. ಅದರಲ್ಲಿ ಕುಳಿತು ನೃತ್ಯ ನೋಡುತ್ತಿರುವ ರಾಜ ಪುಲಕೇಶಿಯ ತಂದೆ ಕೀರ್ತಿವರ್ಮನೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಅಪ್ಪನ ಮುಖ ಸಿಕ್ಕರೆ ಮಗನ ಮುಖಕ್ಕೆ ದಾರಿಯಾದೀತು ಎಂಬ ಆಸೆ ನನಗಿತ್ತು. ಕೆಳಗಿನಿಂದ ಕಂಡದ್ದು ಬಣ್ಣದ ಕಲೆಗಳಷ್ಟೇ. ಇನ್ನು ಅಜಂತಾದ ಒಂದನೆಯ ಗುಹೆಯಲ್ಲಿ ಪರ್ಷಿಯಾದ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಿರುವವನು ಪುಲಕೇಶಿ ಎಂದು ಬಹುಕಾಲ ನಂಬಲಾಗಿತ್ತು. ಆ ಗುಹೆ ಐದನೆಯ ಶತಮಾನದ ಕೊನೆಯ ವಾಕಾಟಕ ಅರಸರ ಕಾಲದ್ದು ಎಂದು ಈಗ ಅನೇಕ ತಜ್ಞರು ಹೇಳುತ್ತಾರೆ. ಹಾಗಿದ್ದರೆ ಆ ಚಿತ್ರ ಬರೆದಾಗ ಪುಲಕೇಶಿಯ ಅಪ್ಪನೂ ಹುಟ್ಟಿರಲಿಲ್ಲ!

ಹೆಸರು ಕೆತ್ತಿದ್ದರೂ ಮುಖ ಸಿಗುತ್ತದೆ ಎಂಬ ಭರವಸೆಯಿಲ್ಲ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹವಿರುವ ಫಲಕ ಸಿಕ್ಕಿದೆ. ಪಕ್ಕದಲ್ಲಿ ರಾಣಿ, ಹಿಂದೆ ಚಾಮರ, ಮೇಲೆ ಕೊಡೆ. ಆದರೆ ಕೆತ್ತಿದವನು ಅಶೋಕನನ್ನು ಕಂಡವನಲ್ಲ, ಅಶೋಕ ಸತ್ತು ಶತಮಾನಗಳೇ ಕಳೆದಿದ್ದವು. ನಮ್ಮ ಹಳೆಯ ಶಿಲ್ಪಿಗಳಿಗೆ ರಾಜನೆಂದರೆ ಲಕ್ಷಣ. ಇಂಥವನ ದವಡೆ, ಇಂಥವನ ಹುಬ್ಬು ಎಂಬ ಗೊಡವೆ ಅವರಿಗೆ ಇರಲಿಲ್ಲ. ಆದ್ದರಿಂದ ನನ್ನ ಚಿತ್ರದಲ್ಲಿ ಕೊರಳಿನ ಕೆಳಗಿನದಕ್ಕೆಲ್ಲ ಆಧಾರ ಕೊಡಬಲ್ಲೆ, ಜನ ಮೊದಲು ನೋಡುವ ಮುಖಕ್ಕೆ ಕೊಡಲಾರೆ. ಬಾದಾಮಿಯ ಶಿಲ್ಪಗಳ ತುಂಬಿದ ತುಟಿ, ಅರೆಮುಚ್ಚಿದ ರೆಪ್ಪೆ ತೆಗೆದುಕೊಂಡು, ಮೈಗೆ ಬಿಸಿಲಲ್ಲಿ ಅಲೆದವನ ಕಂದು ಬಣ್ಣ ಕೊಟ್ಟೆ. ಕಿರೀಟದ ಬದಲು ಕೂದಲ ಸುತ್ತ ಸಣ್ಣ ಚಿನ್ನದ ಪಟ್ಟಿ ಸಾಕೆನಿಸಿತು.

ಮುಖ್ಯೋಪಾಧ್ಯಾಯರು ಬಹಳ ಹೊತ್ತು ನೋಡಿ, “ಸರ್, ಮೀಸೆಯಿಲ್ಲದ ಪುಲಕೇಶಿಯನ್ನು ಊರವರು ಒಪ್ಪುತ್ತಾರೆಯೇ? ಮೈಮೇಲೆ ಬಟ್ಟೆಯೂ ಇಲ್ಲ” ಎಂದರು. ನಾನು ಗುಹೆಯಲ್ಲಿ ಗೀಚಿದ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಬಟ್ಟೆಯ ವಿಚಾರ ಅಲ್ಲಿಗೆ ಮುಗಿಯಿತು, ಮೀಸೆಯದು ಮುಗಿಯಲಿಲ್ಲ. ಶಿಲ್ಪದಲ್ಲಿ ಇಲ್ಲದ ಮಾತ್ರಕ್ಕೆ ಮನುಷ್ಯನಿಗೂ ಇರಲಿಲ್ಲ ಎನ್ನಲಾಗದು ಎಂಬುದು ಅವರ ವಾದ. ವಾದ ಸರಿಯಾದದ್ದೇ! ಕೊನೆಗೆ ಚಿತ್ರದ ಬುಡದಲ್ಲಿ ‘ಮುಖ ಕಲ್ಪಿತ, ಉಡುಗೆ ತೊಡುಗೆ ಬಾದಾಮಿಯ ಮೂರನೆಯ ಗುಹೆಯ ಶಿಲ್ಪಗಳಂತೆ’ ಎಂದು ಬರೆಯುವ ಷರತ್ತಿನ ಮೇಲೆ ಮೀಸೆಯಿಲ್ಲದೆಯೇ ಗೋಡೆಗೇರಿತು.

ಈಗ ವಿಜಯಪುರದ ಹೋಟೆಲ್ ಮಾಲೀಕರೊಬ್ಬರು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಚಿತ್ರ ಕೇಳಿದ್ದಾರೆ. ಇಲ್ಲಿ ಪೇಚು ತಿರುವುಮುರುವು. ಅವನ ಕಾಲದಲ್ಲೇ ಬರೆದ ಚಿತ್ರಗಳು ಲಂಡನ್ನಿನಲ್ಲೂ ಪ್ರಾಗ್‌ನಲ್ಲೂ ಇವೆ: ತುಂಬಿದ ಕೆನ್ನೆ, ಕತ್ತರಿಸಿದ ಗಡ್ಡ, ಮೈ ಕಾಣುವಂಥ ತೆಳು ಬಿಳಿ ನಿಲುವಂಗಿ, ಕೊರಳಲ್ಲಿ ರುದ್ರಾಕ್ಷಿ. ಮಾಲೀಕರಿಗೆ ಅದು ಹಿಡಿಸಲಿಲ್ಲ. “ಇವರು ಸುಲ್ತಾನರ ಹಾಗೆ ಕಾಣುವುದಿಲ್ಲ. ಗಡ್ಡ ಉದ್ದ ಮಾಡಿ, ಕೈಗೊಂದು ಕತ್ತಿ ಕೊಡಿ” ಎಂದರು. ಸರಸ್ವತಿಯನ್ನು ಸ್ತುತಿಸಿ ಹಾಡು ಬರೆದವನು, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟವನು. ಕತ್ತಿಯ ಬದಲು ತಂಬೂರಿ ಕೊಡುತ್ತೇನೆ ಎಂದೆ. ಯೋಚಿಸಿ ಹೇಳುತ್ತೇನೆ ಎಂದು ಹೋದವರಿಂದ ಮುಂಗಡ ಇನ್ನೂ ಬಂದಿಲ್ಲ.